ಯಾರೋ ಚಿಲಕ ಹಾಕಿದ್ದರು

ದೇವರಾಜ ಮೊಹಲ್ಲಾ, ಮೈಸೂರು
8 ಜನವರಿ 2024

ಚಿ. ಹೇಮಶ್ರೀಗೆ ಅಪ್ಪನ ಆಶೀರ್ವಾದಗಳು.

ಕ್ಷೇಮ, ಕುಶಲ ಅಂತ ಶುರು ಮಾಡಲು ಕೈ ಬರುತ್ತಿಲ್ಲ. ನೀನು ಮನೆ ಬಿಟ್ಟು ಐದು ವಾರವಾಯಿತು. ಅಶೋಕಪುರಂನಲ್ಲಿ ರೂಮು ಮಾಡಿದ್ದೀಯ ಅಂತ ನೀನು ಪಾಠ ಮಾಡುವ ಕಾಲೇಜಿನವರಿಂದ ತಿಳಿಯಿತು. ಒಂದೇ ಊರಿನಲ್ಲಿರುವ ಮಗಳಿಗೆ ಅಂಚೆಯಲ್ಲಿ ಕಾಗದ ಹಾಕುವ ಅಪ್ಪ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ ಈ ವಿಷಯವನ್ನು ಫೋನಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಆಡಬೇಡಿ ಅಂತ ವಕೀಲರ ಕಟ್ಟಪ್ಪಣೆ.

ಎರಡು ತಿಂಗಳಾದರೂ ಪುಟ್ಟಬಸಮ್ಮನ ಕೇಸು ಮುಗಿದಿಲ್ಲ. ಶುಕ್ರವಾರ ತನಿಖಾಧಿಕಾರಿ ಮತ್ತೆ ಕರೆಸಿದ್ದರು. ಕಾರ್ಖಾನೆಯ ಸೆಂಟ್ ರೂಮಿಗೆ ಬೆಂಕಿ ಬಿದ್ದು ಅವಳು ತೀರಿಕೊಂಡ ಸಂಜೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೀನು ನನ್ನ ಪರವಾಗಿ ಇಂಗ್ಲಿಷಿನಲ್ಲಿ ಹೇಳಿಕೆ ಬರೆದುಕೊಟ್ಟೆಯಲ್ಲ, ಅದು ಅವರ ಮೇಜಿನ ಮೇಲಿತ್ತು. ಬಾಗಿಲಿಗೆ 'ಸಮ್‌ವನ್' ಹೊರಗಿನಿಂದ ಚಿಲಕ ಹಾಕಿದ್ದರು ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದರು. "ಯಾರ್ರೀ ಈ ಸಮ್‌ವನ್ನು? ನಿಮ್ ಫ್ಯಾಕ್ಟ್ರೀಲಿ ಸಂಬಳ ತಗೊಳೋರಾ?" ಅಂತ ಕೇಳಿದರು. ಅಲ್ಲಿದ್ದ ಪೇದೆಗಳು ನಕ್ಕರು.

ನಾನು ನಮ್ಮ ಪದ್ಧತಿ ವಿವರಿಸಿದೆ. ಊದುಬತ್ತಿಗೆ ಸೆಂಟ್ ಕಲಸುವ ಕೋಣೆಯ ಗುಟ್ಟು ಹೊರಗೆ ಹೋಗಬಾರದು, ಅದಕ್ಕಾಗಿ ಅಲ್ಲಿಂದ ಹೊರಗೆ ಬಂದವರು ಯಾರೇ ಆಗಲಿ ಚಿಲಕ ಹಾಕಿಕೊಂಡು ಬರಬೇಕು, ಒಳಗಿರುವವರು ಕೆಲಸ ಮುಗಿಸಿ ಬಾಗಿಲು ಬಡಿದರೆ ತೆಗೆಯಬೇಕು, ನಮ್ಮ ತಾತನ ಕಾಲದಿಂದಲೂ ಹೀಗೇ ನಡೆದುಕೊಂಡು ಬಂದಿದೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. "ಒಳಗ್ ಜನ ಇದ್ರೂನಾ ಸ್ವಾಮಿ?" ಅಂದರು. ಎಪ್ಪತ್ತು ವರ್ಷದಿಂದ ನಮ್ಮನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಈಗ ಇನ್ನೊಂದು ಹೇಳಿಕೆ ಕೊಡಬೇಕಂತೆ. ವಕೀಲರು ನಿನ್ನ ಪದವನ್ನು ಬಹಳ ಮೆಚ್ಚಿಕೊಂಡಿದ್ದಾರೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರೆ ಆಕಸ್ಮಿಕ ಅಂತ ಮುಗಿದುಹೋಗುತ್ತದೆ ಅನ್ನುತ್ತಾರೆ. ಕಂಪನಿಯ ಇಂಗ್ಲಿಷ್ ಕಾಗದಗಳನ್ನೆಲ್ಲ ಬರೆಯುತ್ತಿದ್ದವಳು ನೀನು. ಇದೊಂದನ್ನು ಬರೆದುಕೊಡು. ಮನೆಗೆ ಬರದಿದ್ದರೂ ಚಿಂತೆಯಿಲ್ಲ, ಅಂಚೆಯಲ್ಲೇ ಕಳಿಸು.

ನಿನ್ನ ಅಮ್ಮ ದಿನವೂ ನಿನ್ನ ತಟ್ಟೆಯನ್ನೂ ಇಟ್ಟು, ಆಮೇಲೆ ತೆಗೆಯುತ್ತಾಳೆ. ಬೇಡ ಅಂದರೆ ನನ್ನ ಮೇಲೆ ರೇಗುತ್ತಾಳೆ.

ಇಂತಿ ನಿನ್ನ ಅಪ್ಪ,
ಚಂದ್ರಮೌಳಿ


ಇಲವಾಲ
19 ಜನವರಿ 2024

ಹೇಮಶ್ರೀ ಮಿಸ್ ಅವರಿಗೆ ಪ್ರೀತಿಯ ನಮಸ್ಕಾರಗಳು.

ಭಾನುವಾರದ ನಿಮ್ಮ ಇಂಗ್ಲಿಷ್ ಕ್ಲಾಸು ನಿಂತುಹೋದ ಮೇಲೆ ನಿಮ್ಮನ್ನು ನೋಡಿಲ್ಲ. ಅಮ್ಮನ ಹನ್ನೊಂದನೇ ದಿನಕ್ಕೆ ನೀವು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ, ಇರಲಿ. ನಿಮ್ಮ ವಿಳಾಸವನ್ನು ಕಾರ್ಖಾನೆಯ ಮಹದೇವು ಮೇಸ್ತ್ರಿ ಕೊಟ್ಟರು.

ಸ್ಟೇಷನ್ನಿನಿಂದ ಕೇಸಿನ ಕಾಗದಗಳ ಪ್ರತಿ ತಂದೆ. ಮಾಲೀಕರ ಹೇಳಿಕೆ ಇಂಗ್ಲಿಷಿನಲ್ಲಿದೆ. ಒಂದು ಕಡೆಯೂ ತಡವರಿಸದೆ ಓದಿದೆ ಮಿಸ್. ಓದಲು ಕಲಿಸಿದವರು ನೀವೇ. ಬರೆದವರೂ ನೀವೇ, ನಿಮ್ಮ ಅಕ್ಷರ ನನಗೆ ಗೊತ್ತು.

ಅದರಲ್ಲಿರುವ 'ಸಮ್‌ವನ್' ಅನ್ನುವ ಪದವನ್ನು ಬತ್ತಿ ಒಣಗಿಸುವ ಶೆಡ್ಡಿನಲ್ಲಿ ಬೋರ್ಡು ನಿಲ್ಲಿಸಿ ನಮಗೆ ಹೇಳಿಕೊಟ್ಟಿದ್ದಿರಿ. ನನ್ನ ನೋಟ್ಸಿನಲ್ಲಿದೆ, ಇದ್ದ ಹಾಗೇ ಬರೆಯುತ್ತೇನೆ. 'ಸಮ್‌ವನ್ ಅಂದರೆ ಒಬ್ಬ ವ್ಯಕ್ತಿ. ಯಾರೆಂದು ಗೊತ್ತಿಲ್ಲದಾಗ, ಅಥವಾ ಯಾರೆಂದು ಹೇಳುವ ಅಗತ್ಯ ಇಲ್ಲದಾಗ ಬಳಸಬೇಕು. ಇಲ್ಲ ಅನ್ನುವ ಮಾತಿನಲ್ಲಿ ಎನಿವನ್. ಒಬ್ಬರೂ ಇಲ್ಲ ಅಂದರೆ ನೋ ವನ್.' ಉದಾಹರಣೆಗೆ ನೀವು ಕೊಟ್ಟ ವಾಕ್ಯ, ಬಾಗಿಲ ಹತ್ತಿರ ಯಾರೋ ಇದ್ದಾರೆ ಅನ್ನುವುದು. ನಾವೆಲ್ಲ ಅದನ್ನು ಕೂಗಿ ಕೂಗಿ ಹೇಳಿದ್ದೆವು. ಅಮ್ಮ ಪಕ್ಕದ ಕೋಣೆಯಲ್ಲಿ ಅಳತೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡು, ರಾತ್ರಿ ಅಡಿಗೆ ಮಾಡುವಾಗ ತಾನೂ ಹೇಳಿ ನಗಿಸಿದ್ದಳು.

ಹೇಳಿಕೆಯನ್ನು ಕನ್ನಡ ಮಾಡಿ ಬೆಟ್ಟಮ್ಮಜ್ಜಿಗೆ ಓದಿ ಹೇಳಿದೆ. ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು ಅಂದೆ. ಅಜ್ಜಿ, "ಯಾರೋ ಅಂದ್ರೆ ಯಾರ್ ಮಗ? ಕಾರ್ಖಾನೆಗೆ ಒರಗ್ನೋರು ಬಂದಿದ್ರಾ?" ಅಂದಳು. ಇಲ್ಲ ಅಂದೆ. "ಮತ್ತೆ ಗೊತ್ತಿರೋರ್ನ ಯಾರೋ ಅಂತಾರಾ?" ಅಂದಳು. ನಾನು ಕಾಗದ ಮಡಿಸಿ ಇಟ್ಟುಬಿಟ್ಟೆ.

ನನಗೆ ನಿಮ್ಮಿಂದ ಬೇಕಾದ್ದು ಒಂದೇ ಉತ್ತರ. ಚಿಲಕ ಹಾಕಿದವರು ಯಾರೆಂದು ನಿಮಗೆ ಗೊತ್ತಿಲ್ಲವೇ, ಇಲ್ಲ ಹೇಳುವ ಅಗತ್ಯವಿಲ್ಲವೇ? ಎರಡರಲ್ಲಿ ಯಾವುದು ಮಿಸ್? ಊರಿನಲ್ಲಿ ಎಲ್ಲರೂ ಮಹದೇವು ಮೇಸ್ತ್ರಿಯ ಹೆಸರು ಹೇಳುತ್ತಿದ್ದಾರೆ. ಬಾಗಿಲು ತೆಗೆದು ಅಮ್ಮನನ್ನು ಎಳೆದು ತಂದವರು ಅವರು. ಅವರ ಎರಡು ಕೈಗೂ ಇನ್ನೂ ಬ್ಯಾಂಡೇಜಿದೆ. ನನಗೆ ಯಾರನ್ನು ಬೈಯಬೇಕು ಅಂತಲೇ ಗೊತ್ತಾಗುತ್ತಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಪ್ರೀತಿ


ಅಶೋಕಪುರಂ
27 ಜನವರಿ 2024

ಅಪ್ಪ,

ನಿಮಗೆ ಉತ್ತರ ಬರೆಯುವುದೇ ಬೇಡ ಅಂದುಕೊಂಡಿದ್ದೆ. ಪುಟ್ಟಬಸಮ್ಮನ ಮಗಳ ಕಾಗದ ಬಂತು. ಅದನ್ನು ಓದಿದ ಮೇಲೆ ಕಾಲೇಜಿಗೆ ಎರಡು ದಿನ ರಜೆ ಹಾಕಿದೆ. ಆ ಪದವನ್ನು ಪಾಠ ಮಾಡಲು ಇನ್ನು ನನ್ನಿಂದ ಆಗುವುದಿಲ್ಲ.

ಆ ಸಂಜೆ ನಡೆದದ್ದು ನಿಮಗೆ ನೆನಪಿದೆಯೇ? ನಾನು ಕನ್ನಡದಲ್ಲಿ ಬರೆಯಲು ಶುರು ಮಾಡಿದ್ದೆ. ಚಿಲಕದ ವಿಷಯ ಬಂದಾಗ ನೀವು ಪೆನ್ನು ಹಿಡಿದ ನನ್ನ ಕೈ ತಡೆದು, "ಇಂಗ್ಲಿಷಲ್ಲಿ ಬರಿ ಮಗಳೇ, ಅದ್ರಲ್ಲಿ ಮಾತು ಮೆತ್ತಗಿರುತ್ತೆ" ಅಂದಿರಿ. ಏಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಕನ್ನಡದಲ್ಲಿ 'ಯಾರೋ' ಅಂದರೆ ಹೇಳುವವರಿಗೂ ಗೊತ್ತಿಲ್ಲ ಅಂತಲೇ ಅರ್ಥ. ಗೊತ್ತಿದ್ದೂ ಹಾಗೆ ಬರೆದರೆ ಅದು ಸುಳ್ಳು, ಪ್ರೀತಿ ಓದಿ ಹೇಳಿದಾಗ ಬೆಟ್ಟಮ್ಮಜ್ಜಿ ಒಂದೇ ಏಟಿಗೆ ಹಿಡಿದುಬಿಟ್ಟಳಂತೆ. ಇಂಗ್ಲಿಷಿನ ಆ ಪದದಲ್ಲಿ ಆ ಕಾಟವಿಲ್ಲ. ಗೊತ್ತಿದ್ದವರೂ ಅದರ ಹಿಂದೆ ನಿಂತುಕೊಳ್ಳಬಹುದು. ಎಂ.ಎ. ಓದಿದ ನನಗೆ ಹೊಳೆಯದ್ದು ಎಸ್ಸೆಸ್ಸೆಲ್ಸಿ ಮುಗಿಸಿದ ನಿಮಗೆ ಹೊಳೆದಿತ್ತು.

ನಾನೂ ಅಂದು ಕಾರ್ಖಾನೆಗೆ ಬಂದಿದ್ದೆ. ರಫ್ತಿನ ಕಾಗದಕ್ಕೆ ಸೆಂಟ್ ರೂಮಿನಲ್ಲೇ ನಿಮ್ಮ ಸಹಿ ಹಾಕಿಸಿಕೊಂಡೆ. ಪುಟ್ಟಬಸಮ್ಮ ಒಳಗಿದ್ದಳು. ನಾನು ಸ್ಕೂಟರ್ ಹತ್ತಿದಾಗ ನೀವು ಅದೇ ಬಾಗಿಲ ಮುಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಿರಿ. ನಾನು ರಿಂಗ್ ರೋಡ್ ಮುಟ್ಟುವಷ್ಟರಲ್ಲಿ ಬೆಂಕಿ ಅಂತ ಫೋನ್ ಬಂತು. ಅಷ್ಟರ ನಡುವೆ ಚಿಲಕ ಹಾಕಿದವರು ಬೇರೆ ಯಾರು ಅಪ್ಪ? ಬಾಯಿ ಬಿಟ್ಟು ಹೇಳುತ್ತೇನೆ, ನೀವೇ. ಇದು ಹೊಳೆದ ದಿನವೇ ನಾನು ಮನೆ ಬಿಟ್ಟದ್ದು.

ಕೊರೋನಾದಲ್ಲಿ ಅವಳ ಮೂಗು ಹೋಯಿತು ಅಂತ ಗೊತ್ತಾದ ವಾರವೇ ನೀವು ಅವಳನ್ನು ಬತ್ತಿ ಹೊಸೆಯುವ ಕೆಲಸದಿಂದ ಬಿಡಿಸಿ ಸೆಂಟ್ ರೂಮಿಗೆ ಹಾಕಿದಿರಿ. "ವಾಸನೇನೇ ಗೊತ್ತಾಗದೋಳು ನಮ್ ಸೆಂಟ್ ಗುಟ್ಟು ಎಲ್ಲಿ ಕದೀತಾಳೆ" ಅಂತ ಊಟ ಮಾಡುತ್ತಾ ನಕ್ಕಿರಿ. ನಾನೂ ನಕ್ಕೆ. ಫ್ಯಾನಿನ ವೈರು ಸುಡುವ ವಾಸನೆ ಬೇರೆ ಯಾರಿಗಾದರೂ ಮೊದಲೇ ಹೊಡೆದಿರುತ್ತಿತ್ತು. ಅವಳಿಗೆ ಬೆಂಕಿ ಕಣ್ಣಿಗೆ ಬಿದ್ದ ಮೇಲೇ ಗೊತ್ತಾಗಿದ್ದು. ಆಮೇಲೆ ಬಾಗಿಲು ಬಡಿದಳು, ಹೊರಗೆ ಬತ್ತಿಯ ಮೆಷಿನ್ನುಗಳು ಓಡುತ್ತಿದ್ದವು. ಅವಳು ಎಷ್ಟು ಹೊತ್ತು ಬಡಿದಿರಬಹುದು ಅಂತ ಯೋಚಿಸಿ ನನಗೆ ತಲೆ ಕೆಟ್ಟುಹೋಗಿದೆ.

ಹೇಳಿಕೆ ಬರೆದುಕೊಡುವುದಿಲ್ಲ. ಹೋಗಿ ನಿಮ್ಮ ಹೆಸರು ಹೇಳಿ. ಮಹದೇವುವಿನ ತಲೆಗೆ ಕಟ್ಟಬೇಡಿ.

ಹೇಮಶ್ರೀ


ದೇವರಾಜ ಮೊಹಲ್ಲಾ
10 ಫೆಬ್ರವರಿ 2024

ಚಿ. ಹೇಮಶ್ರೀಗೆ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಗಿರಾಕಿಯೊಬ್ಬರು "ಯಾಕ್ರೀ ಯಜಮಾನ್ರೇ, ಮೈ ಹುಷಾರಿಲ್ವಾ?" ಅಂತ ಕೇಳಿದರು. ಶಟರ್ ಎಳೆದು ಮನೆಗೆ ಬಂದೆ.

ಮಹದೇವುವನ್ನು ಸ್ಟೇಷನ್ನಿಗೆ ಮೂರು ಸಲ ಕರೆಸಿದ್ದಾರೆ. ಅವನೂ 'ಗೊತ್ತಿಲ್ಲ ಸ್ವಾಮಿ' ಅಂತಲೇ ಹೇಳಿ ಬರುತ್ತಿದ್ದಾನೆ. ನಾನು ಅವನ ತಲೆಗೆ ಏನನ್ನೂ ಕಟ್ಟಿಲ್ಲ. ಕಟ್ಟುವುದೂ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಕೊಡಲಾರದವನು ಅಂತಲೇ ತಿಳಿದುಕೋ. ನೀನು ಬರೆಯದಿದ್ದರೆ ವಕೀಲರೇ ಬರೆಯುತ್ತಾರೆ. ಆ ಪದ ಹಾಗೇ ಇರಲಿ, ಅದನ್ನು ಕೆದಕಬೇಡ. ಕೈ ಮುಗಿದು ಕೇಳಿಕೊಳ್ಳುತ್ತೇನೆ, ಆ ಹುಡುಗಿಗೂ ಏನನ್ನೂ ಬರೆಯಬೇಡ.

ಅಪ್ಪ


ಅಶೋಕಪುರಂ
15 ಫೆಬ್ರವರಿ 2024

ಅಪ್ಪ,

ಬರೆದಾಯಿತು. ನಿಮ್ಮ ಕಾಗದ ಬಂದ ದಿನವೇ ಪ್ರೀತಿಗೆ ಬರೆದು ಹಾಕಿದೆ. ನಿನ್ನ ತಾಯಿ ಇದ್ದ ಕೋಣೆಗೆ ಚಿಲಕ ಹಾಕಿದವರು ನನ್ನ ತಂದೆ ಚಂದ್ರಮೌಳಿ, ನಾನು ಅದನ್ನು ತಿಳಿದೂ ಮುಚ್ಚಿಟ್ಟೆ ಅಂತ ಬರೆದಿದ್ದೇನೆ.

ಮಗಳಿಗೆ ಕೈ ಮುಗಿಯಬೇಕಾಗುವಂಥ ಕೆಲಸವನ್ನು ನೀವು ಏಕೆ ಮಾಡಿದಿರಿ? ಚಿಕ್ಕವಳಾಗಿದ್ದಾಗ ನಿಮ್ಮ ಅಂಗಿಯ ವಾಸನೆಯಿಂದಲೇ ನೀವು ಅಂದು ಯಾವ ಬತ್ತಿ ಮಾಡಿ ಬಂದಿರಿ ಅಂತ ಹೇಳುತ್ತಿದ್ದೆ. ನನಗೆ ನಿಮ್ಮಷ್ಟು ದೊಡ್ಡ ಮನುಷ್ಯ ಬೇರೆ ಇರಲಿಲ್ಲ. ಈಗ ನಿಮ್ಮನ್ನು ನೆನೆದರೆ ನಾಚಿಕೆಯಾಗುತ್ತದೆ. ಮಹದೇವು ಬ್ಯಾಂಡೇಜಿನ ಕೈ ಕಟ್ಟಿಕೊಂಡು ಪೊಲೀಸರ ಮುಂದೆ ನಿಂತಿರುತ್ತಾನೆ, ನೀವು ಅಂಗಡಿಯಲ್ಲಿ ಕೂತಿರುತ್ತೀರಿ.

ಈ ತಿಂಗಳ ಕೊನೆಯವರೆಗೆ ನೋಡುತ್ತೇನೆ. ಆಮೇಲೆ ನಾನೇ ಸ್ಟೇಷನ್ನಿಗೆ ಹೋಗಿ ನಿಮ್ಮ ಹೆಸರು ಹೇಳಿ ಬರುತ್ತೇನೆ.

ಹೇಮಶ್ರೀ


ದೇವರಾಜ ಮೊಹಲ್ಲಾ
1 ಮಾರ್ಚ್ 2024

ಹೇಮಾ,

ಅಮ್ಮ ಬರೀತಿರೋದು. ನಿನ್ನ ಹಾಗೆ ನನಗೆ ಬರೆಯೋಕೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ, ಓದ್ಕೋ.

ನಿಮ್ಮಪ್ಪ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಕೀಲರು ಬೇಡ ಬೇಡ ಅಂತ ಬಡ್ಕೊಂಡ್ರೂ ಕೇಳದೆ ಸ್ಟೇಷನ್ನಿಗೆ ಹೋದ್ರು. ಚಿಲಕ ಹಾಕಿದ್ದು ನಾನೇ ಅಂತ ಕನ್ನಡದಲ್ಲೇ ಬರೆದು ಸಹಿ ಹಾಕ್ಬುಟ್ರು. ಅಲ್ಲೇ ಹಿಡ್ಕೊಂಡ್ರು. ಜಾಮೀನು ಇನ್ನೂ ಸಿಕ್ಕಿಲ್ಲ. ಮಹದೇವುಗೆ ಇನ್ಮೇಲೆ ಸ್ಟೇಷನ್ನಿಗೆ ಬರೋದು ಬೇಡ ಅಂದ್ರಂತೆ. ಈಗ ಸಮಾಧಾನ ಆಯ್ತೇನೇ ನಿನಗೆ?

ನೀನು ಅವರಿಗೆ ಬರೆದ ಕಾಗದ ಎರಡನ್ನೂ ಓದ್ದೆ. ದಿಂಬಿನ ಕೆಳಗಿಟ್ಕೊಂಡಿದ್ರು. ನಾಚಿಕೆ ಆಗುತ್ತೆ ಅಂತ ಬರೆದಿದೀಯಲ್ಲ, ಯಾರಿಗೆ ಬರೀತಿದೀನಿ ಅನ್ನೋ ಜ್ಞಾನ ಬೇಡ್ವಾ? ಮೂರು ದಿನದಿಂದ ಬಾಯಿ ಮುಚ್ಕೊಂಡಿದೀನಿ. ಇನ್ನು ಆಗಲ್ಲ. ಹೊಟ್ಟೇಲಿಟ್ಕೊಂಡು ಸಾಯೋಕೆ ನನಗೆ ಆಗಲ್ಲ.

ಚಿಲಕ ಹಾಕಿದ್ದು ನೀನು ಕಣೇ.

ಅವರಿಗೆ ಫೋನು ಬಂತು, ಮೊದಲು ಹೊರಗೆ ಬಂದ್ರು. ನೀನು ಸಹಿ ಆದ ಕಾಗದ ಹಿಡ್ಕೊಂಡು ಆಮೇಲೆ ಬಂದೆ. ಬಂದೋಳು ತಿರುಗಿ ಚಿಲಕ ಹಾಕಿ ಸ್ಕೂಟರ್ ಹತ್ತಿರ ಹೋದೆ. ಅವರು ಎದುರಿಗೇ ನಿಂತಿದ್ರು. ಮಹದೇವು ಮೆಷಿನ್ ಹತ್ತಿರದಿಂದ ನೋಡ್ದ. ಇಬ್ಬರಿಗೂ ಅದು ತಪ್ಪು ಅಂತ ಅನ್ನಿಸಲೇ ಇಲ್ಲ, ದಿನಾ ಎಲ್ಲರೂ ಮಾಡೋದೇ ಅಲ್ವಾ. ಐದು ವರ್ಷದ ಮಗು ಆಗಿದ್ದಾಗ ನಿನ್ನನ್ನ ಸ್ಟೂಲ್ ಮೇಲೆ ನಿಲ್ಲಿಸಿ ಚಿಲಕ ಹಾಕೋದು ಕಲಿಸಿದೋರು ಅವರೇ. ಮರೀದೇ ಹಾಕ್ದೆ ಅಂತ ಪೆಪ್ಪರ್‌ಮೆಂಟ್ ಕೊಡ್ತಿದ್ರು. ಈಗ ಅದನ್ನ ಹೇಳ್ಕೊಂಡು ಅಳ್ತಾರೆ.

ಆಸ್ಪತ್ರೇಲಿ ನಿನಗೆ ನೆನಪೇ ಇಲ್ಲ ಅಂತ ಗೊತ್ತಾಯ್ತಂತೆ. ಅದಕ್ಕೇ ಆ ಇಂಗ್ಲಿಷ್ ಪದ ಹಾಕ್ಸಿದ್ರು. ಹೆಂಗೋ ಆಕಸ್ಮಿಕ ಅಂತ ಮುಗಿದ್ರೆ ಯಾರ ಹೆಸರೂ ಬರಲ್ಲ ಅಂತ ಅವರ ಲೆಕ್ಕ. ಮಹದೇವು ಕೂಡ, "ಅಕ್ಕನ ಹೆಸರು ನನ್ ಬಾಯಲ್ಲಿ ಬರಲ್ಲ ಬುಡಿ ಅಮ್ಮಾ, ನನ್ ಮಗೀಗೂ ಓದು ಕಲ್ಸವ್ರೆ" ಅಂದ. ಅವನನ್ನೇ ಒಳಗೆ ಹಾಕ್ತಾರೆ ಅನ್ನೋ ಹೊತ್ತಿಗೆ, ನಿನ್ನ ಕಾಗದಾನೂ ಬಂತು, ಇವರು ಎದ್ದುಬಿಟ್ರು.

ನಿನಗೆ ಹೇಳ್ಬಿಡೋಣ ಅಂತ ಅವರಿಗೆ ಅಂದೆ. "ಬೇಡ ಕಣೇ ಶಾಂತಾ, ನನ್ನನ್ನ ದ್ವೇಷಿಸ್ಕೊಂಡಾದ್ರೂ ನೆಟ್ಟಗೆ ಬದುಕ್ಲಿ" ಅಂದ್ರು. ನಾನು ಮಾತು ಕೊಟ್ಟೆ, ಈಗ ಮುರಿದೆ. ನೀನು ಅವರನ್ನ ಕೊಲೆಗಾರ ಅಂದ್ಕೊಂಡು ಓಡಾಡೋದು ನನ್ನ ಕೈಲಿ ನೋಡೋಕಾಗಲ್ಲ. ಆದ್ರೆ ನಿನ್ನ ಕಾಲಿಗೆ ಬೀಳ್ತೀನಿ, ಹೇಮಾ, ಇದು ನಮ್ಮಲ್ಲೇ ಇರಲಿ. ಗಂಡ ಹೋಗಿ ಕೂತಿದಾರೆ, ಮಗಳೂ ಹೋದ್ರೆ ನಾನು ಯಾಕಿರಬೇಕು ಹೇಳು.

ನಿನ್ನ ಅಮ್ಮ,
ಶಾಂತಾದೇವಿ


ಅಶೋಕಪುರಂ
6 ಮಾರ್ಚ್ 2024

ಪ್ರೀತಿ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು. ಅದರಲ್ಲಿ ಒಂದು ಸುಳ್ಳಿತ್ತು. ಬರೆಯುವಾಗ ಅದು ಸುಳ್ಳು ಅಂತ ನನಗೆ ತಿಳಿದಿರಲಿಲ್ಲ.

ನಿನ್ನ ತಾಯಿ ಒಳಗಿದ್ದಾಗ ಹೊರಗಿನಿಂದ ಚಿಲಕ ಹಾಕಿದವಳು ನಾನು. ನನ್ನ ತಂದೆಯಲ್ಲ, ಮಹದೇವುವೂ ಅಲ್ಲ.

ನಾಲ್ಕು ದಿನದ ಹಿಂದೆ ನನ್ನ ಅಮ್ಮ ಬರೆದು ತಿಳಿಸಿದರು. ನಾನು ನಂಬಲಿಲ್ಲ. ಭಾನುವಾರ ಮಹದೇವುವಿನ ಮನೆಗೆ ಹೋಗಿ ಕೇಳಿದೆ. ನಾನು ಅತ್ತ ಮೇಲೆ ಹೇಳಿದ. "ನೀವೇ ಕಣಕ್ಕ. ಎಡಗೈಲಿ ಕಾಗ್ದ ಇತ್ತು, ಬಲಗೈಲಿ ಚಿಲ್ಕ ಹಾಕುದ್ರಿ. ಒಳಗಿಂದ ಪುಟ್ಟಬಸಮ್ಮ 'ಹೋಗ್ಬುಟ್ ಬನ್ನಿ ತಾಯಿ' ಅಂದ್ಲು. ನೀವು ಹೂಂ ಅಂತ ಅಂದ್ಬುಟ್ಟು ಹೊಂಟ್ರಿ."

ನಾನು ಅವಳಿಗೆ ಹೂಂ ಅಂದದ್ದು ನನಗೆ ನೆನಪಿದೆ ಪ್ರೀತಿ. ಆ ದನಿ, ಅವಳು ಕೈ ಒರೆಸಿಕೊಳ್ಳುತ್ತಿದ್ದದ್ದು, ಎಲ್ಲ ನೆನಪಿದೆ. ನನ್ನ ಕೈ ಮಾಡಿದ್ದು ಮಾತ್ರ ನೆನಪಿಲ್ಲ. ಮೂರು ದಿನ ಕೂತು ನೆನಪು ಮಾಡಿಕೊಂಡೆ, ಬರಲಿಲ್ಲ. ಚಪ್ಪಲಿ ಬಿಟ್ಟದ್ದು, ದೀಪ ಆರಿಸಿದ್ದು ನಮಗೆ ಎಲ್ಲಿ ನೆನಪಿರುತ್ತದೆ? ನಮ್ಮ ಮನೆಯವರಿಗೆ ಆ ಚಿಲಕ ಹಾಗಾಗಿತ್ತು. ಒಳಗಿರುವ ಮನುಷ್ಯರೊಂದಿಗೆ ಮಾತಾಡುತ್ತಲೇ ಬಾಗಿಲು ಭದ್ರ ಮಾಡಿ ಬರುತ್ತಿದ್ದೆವು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಕ್ಷಮೆ ಕೇಳುವ ಮುಖವೂ ನನಗಿಲ್ಲ.

ಆ ಪದದ ಎರಡು ಅರ್ಥಗಳಲ್ಲಿ ಯಾವುದು ಅಂತ ನೀನು ಕೇಳಿದ್ದೆ. ಬರೆದುಕೊಟ್ಟವಳಿಗೆ ಗೊತ್ತಿರಲಿಲ್ಲ, ಬರೆಸಿದವರಿಗೆ ಗೊತ್ತಿತ್ತು. ನಾನು ಬೋರ್ಡಿನ ಮೇಲೆ ಬರೆಯದೆ ಬಿಟ್ಟ ಬಳಕೆಯೂ ಒಂದಿದೆ. ಹೆಸರು ಹೇಳಲು ಮನಸ್ಸು ಒಪ್ಪದಷ್ಟು ಹತ್ತಿರದವರಾಗಿದ್ದರೆ ಅದನ್ನು ಬಳಸುತ್ತಾರೆ. ನನ್ನ ಅಪ್ಪ ಹಾಗೆ ಬಳಸಿದರು. ಅವರು ನನ್ನನ್ನು ಉಳಿಸಿದರು, ನಿನ್ನ ತಾಯಿಗೆ ಅನ್ಯಾಯ ಮಾಡಿದರು. ಎರಡೂ ನಿಜ, ಒಂದರಿಂದ ಇನ್ನೊಂದು ಕಡಿಮೆಯಾಗುವುದಿಲ್ಲ. ಅಂಥ ಮನುಷ್ಯನಿಗೆ ನಾನು ಬರೆದ ಮಾತುಗಳನ್ನು ನೆನೆದರೆ ಎದೆ ಒಡೆಯುತ್ತದೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋಗಿ ಇದನ್ನೇ ಹೇಳುತ್ತೇನೆ. ಆದರೆ ನಾನು ಧೈರ್ಯವಂತೆ ಅಲ್ಲ. ಅಪ್ಪ ಜೈಲಿನಿಂದಲೇ ಬೇಡ ಅಂತ ಹೇಳಿ ಕಳಿಸಬಹುದು. ಅಮ್ಮ ಬಂದು ನಿಜವಾಗಿಯೂ ಕಾಲಿಗೆ ಬೀಳಬಹುದು. ವಕೀಲರು ಒಳ್ಳೆಯ ಮಾತು ಹುಡುಕಿಕೊಟ್ಟಾರು. ಆಗ ನಾನು ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಮನೆಯವರು ಸೇರಿ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ಕಾಪಾಡಿಕೊಳ್ಳುತ್ತೇವೆ ಅಂತ ನೀನು ನೋಡಿದ್ದೀಯ.

ಅದಕ್ಕೇ ಇದನ್ನು ಇಂದೇ ಅಂಚೆಗೆ ಹಾಕುತ್ತಿದ್ದೇನೆ. ನಾನು ಮಾತು ಬದಲಾಯಿಸಿದೆ ಅಂತ ಕೇಳಿಬಂದರೆ ಈ ಕಾಗದವನ್ನು ತೆಗೆದುಕೊಂಡು ಹೋಗಿ ತನಿಖಾಧಿಕಾರಿಯ ಮೇಜಿನ ಮೇಲಿಡು. ನನ್ನ ಮುಖ ನೋಡಬೇಡ, ಮಿಸ್ ಅಂತ ಯೋಚಿಸಬೇಡ. ನನ್ನನ್ನು ಬಿಡಬೇಡ.

ಹೇಮಶ್ರೀ,
ಚಂದ್ರಮೌಳಿಯವರ ಮಗಳು